ಪಟ್ಟಿಯಲ್ಲಿಲ್ಲದ ಗುಡ್ಡಗಳು

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಔರಂಗಾಬಾದಿನ ಕಚೇರಿಯಲ್ಲಿದ್ದೆ. (2023ರಿಂದ ಆ ಊರು ಛತ್ರಪತಿ ಸಂಭಾಜಿನಗರವಾಗಿದೆ. ನಾಲಿಗೆ ಮಾತ್ರ ಇನ್ನೂ ಹಳೆಯ ಹೆಸರಿಗೇ ಹೊರಳುತ್ತದೆ, ವಾಚಕರು ಕ್ಷಮಿಸಬೇಕು.) ಧಾರವಾಡದ ಕಡೆಯಿಂದ ನನ್ನ ಅಣ್ಣ ಬಂದಿದ್ದ. ಪ್ರಾಥಮಿಕ ಶಾಲೆಯ ಮಾಸ್ತರಿಕೆಯಲ್ಲಿ ಆಯುಷ್ಯ ಸವೆಸಿದವನು. ಅವನನ್ನು ಎಲ್ಲೋರಕ್ಕೆ ಕರೆದೊಯ್ದು ಕೈಲಾಸ ತೋರಿಸಿದೆ. ಮರುದಿನ ಅಜಂತಾ. ಮೂರನೆಯ ದಿನ ಚಹಾ ಕುಡಿಯುತ್ತ ಅವನು ಕೇಳಿದ:

"ಇವೆಲ್ಲಾ ಬಂದವರಿಗೆ ತೋರಸೂವಂಥಾವು. ನೀ ಒಬ್ಬನ ಇದ್ದಾಗ ರವಿವಾರ ಎಲ್ಲಿ ಹೋಗ್ತಿ?"

"ಎಲ್ಲೂ ಇಲ್ಲಣ್ಣಾ, ಮನ್ಯಾಗ ಇರ್ತೀನಿ" ಎಂದೆ.

ಅದು ಸುಳ್ಳು. ಆ ಮೂರು ವರ್ಷ ತಿಂಗಳಿಗೆ ಎರಡು ಭಾನುವಾರವಾದರೂ ನಾನು ಬೀಬಿ ಕಾ ಮಕ್ಬರಾದ ಹಿಂದಿನ ಗುಡ್ಡ ಹತ್ತುತ್ತಿದ್ದೆ. ಅಲ್ಲಿ ಹನ್ನೆರಡು ಬೌದ್ಧ ಗುಹೆಗಳಿವೆ. ಸ್ವಂತ ಅಣ್ಣನಿಗೆ ಅವನ್ನೇಕೆ ಮುಚ್ಚಿಟ್ಟೆ? ಈ ಲೇಖನಕ್ಕೆ ಮೂಲವೇ ಆ ಪ್ರಶ್ನೆ.

ಮೊದಲೇ ಹೇಳಿಬಿಡುತ್ತೇನೆ, ದೊಡ್ಡ ಸ್ಥಳಗಳ ಮೇಲೆ ನನಗೆ ಹಗೆಯಿಲ್ಲ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಒಂದಿಡೀ ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ಕೊರೆದು ತೆಗೆದ ಆ ಕೈಲಾಸದ ಮುಂದೆ ನಿಂತು ಎದೆ ಝಲ್ಲೆನ್ನದ ಕನ್ನಡಿಗನಿದ್ದರೆ ಅವನನ್ನು ವೈದ್ಯರಿಗೆ ತೋರಿಸಬೇಕು. ತೊಡಕು ಇರುವುದು ಬೇರೆ ಕಡೆ. ಅಲ್ಲಿಗೆ ಹೋಗುವ ಮೊದಲೇ ನಮ್ಮ ಮೆಚ್ಚುಗೆ ಬರೆದಿಟ್ಟಾಗಿರುತ್ತದೆ. ಹೋಗಿ ಸಹಿ ಹಾಕಿ ಬರುತ್ತೇವೆ, ಅಷ್ಟೆ. ಮಾರ್ಗದರ್ಶಿ ಬೆರಳು ತೋರಿಸಿದತ್ತ ಕತ್ತು ತಿರುಗುತ್ತದೆ, ಹಿಂದಿನ ತಂಡ ಬೆನ್ನಿಗೆ ತಾಕುತ್ತದೆ, ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತದೆ. 1983ರಲ್ಲಿ ಅಜಂತಾ, ಎಲ್ಲೋರ ಎರಡೂ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಪಟ್ಟಿಗೆ ಸೇರಿದ್ದನ್ನು ನೋಡದೆ ಸತ್ತರೆ ನಷ್ಟವೆಂಬ ಭಯ ನಮಗೆ. ಪಟ್ಟಿಯಲ್ಲಿಲ್ಲದ್ದನ್ನು ನೋಡದಿದ್ದರೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ.

ಬಿ.ಎಸ್‌ಸಿ.ಯಲ್ಲಿ ಒಂದಿಷ್ಟು ಭೂವಿಜ್ಞಾನ ಓದಿದ ಕಾರಣಕ್ಕೆ ಇನ್ನೊಂದು ಮಾತು. ಅಜಂತಾ, ಎಲ್ಲೋರ, ಔರಂಗಾಬಾದಿನ ಗುಡ್ಡ, ನಾಸಿಕದ ಪಾಂಡವಲೇಣಿ, ಇವೆಲ್ಲದರ ಕಲ್ಲು ಒಂದೇ: ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ದಖ್ಖನಿನ ಕರಿಗಲ್ಲು. ಕಲ್ಲಿನ ಮಟ್ಟಿಗೆ ಮೊದಲ ದರ್ಜೆ, ಎರಡನೆಯ ದರ್ಜೆ ಎಂಬುದಿಲ್ಲ.

ನನಗೆ ಈ ಚಟ ಹತ್ತಿದ್ದು ನಾಸಿಕದಲ್ಲಿ. ಔರಂಗಾಬಾದಿಗೆ ವರ್ಗವಾಗುವ ಮೊದಲು ನಾಲ್ಕು ವರ್ಷ ಅಲ್ಲಿದ್ದೆ. ನಾಸಿಕವೆಂದರೆ ನಮ್ಮವರಿಗೆ ಪಂಚವಟಿ, ತ್ರ್ಯಂಬಕೇಶ್ವರ, ಗೋದಾವರಿ ಸ್ನಾನ. ಮುಂಬಯಿ ಹೆದ್ದಾರಿಯ ಪಕ್ಕದ ತ್ರಿರಶ್ಮಿ ಗುಡ್ಡದಲ್ಲಿ 24 ಗುಹೆಗಳಿವೆ ಎಂದರೆ "ಹೌದೇ?" ಎಂದು ಮಾತು ಬದಲಿಸುತ್ತಾರೆ. ಶಿಲ್ಪದ ಬೆರಗಿನಲ್ಲಿ ಅಜಂತಾಕ್ಕೆ ಅವು ಸಾಟಿಯಲ್ಲ, ನಿಜ. ಅಲ್ಲಿನ ಸಂಪತ್ತು ಗೋಡೆಯ ಮೇಲಿನ ಅಕ್ಷರಗಳು. ಆ ಲಿಪಿ ನನಗೆ ಬಾರದು. ಅನುವಾದವನ್ನು ಪುಸ್ತಕದಿಂದ ಬರೆದುಕೊಂಡು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ.

ನನ್ನಂಥ ಗುಮಾಸ್ತನಿಗೆ ಅದು ಹಬ್ಬದೂಟ. 10ನೆಯ ಗುಹೆಯಲ್ಲಿ ನಹಪಾನನ ಅಳಿಯ ಉಷವದಾತ ಮೂರು ಸಾವಿರ ಕಾರ್ಷಾಪಣಗಳ ಠೇವಣಿ ಇಟ್ಟಿದ್ದಾನೆ. ಎರಡು ಸಾವಿರ ಒಂದು ನೇಕಾರರ ಶ್ರೇಣಿಯಲ್ಲಿ, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೆ. ಉಳಿದ ಸಾವಿರ ಇನ್ನೊಂದು ಶ್ರೇಣಿಯಲ್ಲಿ, ನೂರಕ್ಕೆ ಮುಕ್ಕಾಲರ ಬಡ್ಡಿಗೆ. ಅಸಲು ಮುಟ್ಟುವಂತಿಲ್ಲ. ಗುಹೆಯಲ್ಲಿ ಮಳೆಗಾಲ ಕಳೆಯುವ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು ಕಾರ್ಷಾಪಣ ಬಟ್ಟೆಗೆಂದು. ನಾನು ಮೆಟ್ಟಿಲ ಮೇಲೆ ಕುಳಿತು ಗುಣಿಸಿದೆ: ಎರಡು ಸಾವಿರಕ್ಕೆ ವರ್ಷದ ಬಡ್ಡಿ 240, ಇಪ್ಪತ್ತು ಹನ್ನೆರಡಲೆ 240. ಸುಮಾರು ಹತ್ತೊಂಬತ್ತು ನೂರು ವರ್ಷಗಳ ಲೆಕ್ಕ, ಆಡಿಟ್‌ಗೆ ಒಂದು ಆಕ್ಷೇಪಣೆಯೂ ಸಿಗದು!

3ನೆಯ ಗುಹೆಯಲ್ಲಿ ಗೌತಮೀಪುತ್ರ ಶಾತಕರ್ಣಿಯ ಎರಡು ಆದೇಶಗಳಿವೆ, ಎರಡೂ ಗೋವರ್ಧನದ ಅಮಾತ್ಯನಿಗೆ ಬರೆದವು. ಆಳ್ವಿಕೆಯ 18ನೆಯ ವರ್ಷದಲ್ಲಿ ಭಿಕ್ಷುಗಳಿಗೆ ಒಂದು ಹೊಲ ಕೊಡಲಾಯಿತು. 24ನೆಯ ವರ್ಷದ ಆದೇಶ ಹೇಳುತ್ತದೆ: ಮೊದಲು ಕೊಟ್ಟ ಹೊಲ ಉಳುಮೆಯಾಗುತ್ತಿಲ್ಲ, ಆ ಊರಿನಲ್ಲಿ ಜನವಾಸವೂ ಇಲ್ಲ, ಆದ್ದರಿಂದ ಬೇರೆ ಹೊಲ ಕೊಡತಕ್ಕದ್ದು. ಕಡತ ತಿದ್ದಲು ಆರು ವರ್ಷ. ನಮ್ಮ ಕಚೇರಿಗಳನ್ನು ಬೈಯುವವರು ಇದನ್ನು ಗಮನಿಸಬೇಕು.

ಮೊದಲ ಆದೇಶದ ಆರಂಭದಲ್ಲಿ 'ವೇಜಯಂತಿ' ಎಂಬ ಮಾತಿದೆ. ಅದು ನಮ್ಮ ಬನವಾಸಿಯೇ ಎಂದು ಕೆಲವು ವಿದ್ವಾಂಸರು. ಅಲ್ಲ, ಸೈನ್ಯಕ್ಕೆ ಹಚ್ಚಿದ ವಿಶೇಷಣ ಮಾತ್ರ ಎಂದು ಬೇರೆಯವರು. ಮೊದಲನೆಯ ಅಭಿಪ್ರಾಯ ಓದಿದ ದಿನ ನಾನು ಸ್ನೇಹಿತರಿಗೆಲ್ಲ ಹೇಳಿಕೊಂಡು ತಿರುಗಿದೆ. ಎರಡನೆಯದನ್ನು ಓದಿದ ದಿನ ಯಾರಿಗೂ ಹೇಳಲಿಲ್ಲ. ಸಣ್ಣದನ್ನು ಪ್ರೀತಿಸುತ್ತೇನೆಂದು ಬೀಗುವವನು ಅದಕ್ಕೊಂದು ದೊಡ್ಡ ಹೆಸರು ಅಂಟಿಸಲು ಎಷ್ಟು ಅವಸರಪಟ್ಟೆ ನೋಡಿ.

ಇಲ್ಲಿಗೆ ನನ್ನ ಅನುಮಾನ ಶುರುವಾಯಿತು. ದೊಡ್ಡ ಸ್ಥಳಕ್ಕೆ ಹೋಗಿಬಂದವನ ಜಂಬ ಎಲ್ಲರಿಗೂ ಕಾಣುತ್ತದೆ. ಯಾರೂ ಹೋಗದ ಕಡೆ ಹೋಗಿಬಂದವನದು ವಿನಯದ ಅಂಗಿ ತೊಟ್ಟಿರುತ್ತದೆ, ಅಷ್ಟೇ ವ್ಯತ್ಯಾಸ.

ಅಮೆರಿಕದಲ್ಲಿರುವ ನನ್ನ ಸೋದರಳಿಯನಿಗೆ ಹಿಮದ ಮೇಲೆ ಜಾರುವ ಸ್ಕೀ ಆಟದ ಹುಚ್ಚು. ಅವನು ಹೆಸರಾಂತ ದೊಡ್ಡ ತಾಣಗಳನ್ನು ಬಿಟ್ಟು ವರ್ಮಾಂಟಿನ ಮ್ಯಾಡ್ ರಿವರ್ ಗ್ಲೆನ್ ಎಂಬ ಗುಡ್ಡಕ್ಕೆ ಹೋಗುತ್ತಾನೆ. ಅಲ್ಲಿ ಮೇಲೆ ಹೋಗಲು ಒಬ್ಬೊಬ್ಬರೇ ಕುಳಿತುಕೊಳ್ಳುವ ಹಳೆಯ ಕಾಲದ ತೂಗುಕುರ್ಚಿಯೊಂದು ಇನ್ನೂ ನಡೆಯುತ್ತಿದೆಯಂತೆ. 1995ರಲ್ಲಿ ಜಾರಲು ಬರುವವರೇ ಷೇರು ಹಾಕಿ, ಸಹಕಾರ ಸಂಘ ಮಾಡಿ, ಆ ಗುಡ್ಡವನ್ನು ಕೊಂಡುಕೊಂಡರು. "ಮಾಮಾ, ನಿಮ್ಮ ಗುಹೆಯ ಹಾಗೇ ಇದು" ಎಂದ ಫೋನಿನಲ್ಲಿ. ಆ ಮಾತು ನನ್ನನ್ನು ಚುಚ್ಚಿತು. ಅವರು ಪ್ರೀತಿಸಿದ್ದಕ್ಕೆ ಹಣ ಹಾಕಿದರು, ಲೆಕ್ಕಪತ್ರ ಇಟ್ಟರು, ಸಭೆಗಳಲ್ಲಿ ಜಗಳವನ್ನೂ ಆಡಿರಬೇಕು. ನಾನು ನನ್ನ ಗುಡ್ಡಕ್ಕೆ ಏನು ಕೊಟ್ಟಿದ್ದೆ? ಪ್ರವೇಶದ ಟಿಕೆಟು, ಮತ್ತು ಯಾರಿಗೂ ಹೇಳದ ಮೌನ.

ಔರಂಗಾಬಾದಿನ ಗುಹೆಗಳ ವಿಷಯಕ್ಕೆ ಬರುತ್ತೇನೆ. 3ನೆಯ ಗುಹೆಯ ಗರ್ಭಗೃಹದಲ್ಲಿ ಬುದ್ಧ ಕುಳಿತಿದ್ದಾನೆ. ಅವನ ಮುಂದೆ ಎರಡೂ ಬದಿಗೆ ಮೊಣಕಾಲೂರಿ, ಕೈಮುಗಿದು, ಆಳೆತ್ತರದ ಭಕ್ತರ ಗುಂಪು, ಎಲ್ಲರೂ ಕಲ್ಲಿನವರು. ಬೆಳಕಿನಿಂದ ಒಳಗೆ ಬಂದವನಿಗೆ ಮೊದಲು ಏನೂ ಕಾಣದು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಅಯ್ಯೋ, ಇಷ್ಟು ಜನ ಮೊದಲೇ ಕುಳಿತಿದ್ದಾರಲ್ಲ ಎನಿಸಿ ನನಗೆ ಅರಿವಿಲ್ಲದೆ ಧ್ವನಿ ತಗ್ಗಿತ್ತು. ಬೇರೊಂದು ಸಾಲಿನಲ್ಲಿರುವ 7ನೆಯ ಗುಹೆಯಲ್ಲಿ ಅವಲೋಕಿತೇಶ್ವರನ ಸುತ್ತ ಬೆಂಕಿ, ಹಾವು, ಆನೆ, ಸಿಂಹ, ಒಡೆದ ಹಡಗು ಮೊದಲಾದ ಆಪತ್ತುಗಳಲ್ಲಿ ಸಿಕ್ಕಿ ಮೊರೆಯಿಡುವ ಜನ. ಒಳಗೆ ವಾದ್ಯ ನುಡಿಸುವ ಸ್ತ್ರೀಯರ ನಡುವೆ ಕುಣಿಯುತ್ತಿರುವ ಒಬ್ಬಳು. ಇದನ್ನು ಯಾರೂ ನನಗೆ ಮೊದಲೇ ಹೊಗಳಿರಲಿಲ್ಲ. ಮೂರನೆಯ ಸಲ ಹೋದಾಗಲೇ ಅವಳು ನನ್ನ ಕಣ್ಣಿಗೆ ಬಿದ್ದದ್ದು.

ಒಂದು ವಿಜಯದಶಮಿಯ ದಿನ ರಜೆಯೆಂದು ಹೋದೆ. ಗುಡ್ಡದ ಬುಡದಲ್ಲಿ ಜನವೋ ಜನ. ಬಿಳಿ ಸೀರೆಯ ಹೆಂಗಸರು, ಹೆಗಲ ಮೇಲೆ ಮಕ್ಕಳು, ನೀಲಿ ಬಾವುಟ. 1956ರ ವಿಜಯದಶಮಿಯಂದು ನಾಗಪುರದಲ್ಲಿ ಡಾ. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ ನೆನಪಿಗೆ ಬಂದವರು. ನನ್ನ ಮೊದಲ ಭಾವನೆ ಏನಿತ್ತೆಂದು ನಾಚಿಕೆಯಿಂದಲೇ ಬರೆಯುತ್ತೇನೆ: ನನ್ನ ಜಾಗ ಹಾಳಾಯಿತು ಎಂದುಕೊಂಡೆ. ತಿರುಗಿ ಹೋಗಲು ನೋಡುತ್ತಿದ್ದಾಗ ವಯಸ್ಸಾದ ಒಬ್ಬಾಕೆ ಮೆಟ್ಟಿಲ ಮೇಲೆ ಸರಿದು ಜಾಗ ಮಾಡಿಕೊಟ್ಟು, "ಪಹಿಲ್ಯಾಂದಾಚ್ ಆಲಾತ್ ಕಾ?" ಎಂದು ಕೇಳಿದಳು. ಮೊದಲ ಸಲ ಬಂದಿರೇನು ಎಂದು. ನನಗೆ ಉತ್ತರ ಹೊಳೆಯಲಿಲ್ಲ. ಇಷ್ಟು ದಿನ ಯಾರಿಗೂ ತಿಳಿಯದ ಜಾಗವೆಂದು ನಾನು ಎದೆಗವಚಿಕೊಂಡಿದ್ದುದು ಆಕೆಗೆ ತವರುಮನೆಯಷ್ಟು ಪರಿಚಿತ. ತಿಳಿಯದ್ದು ಯಾರಿಗೆ? ನನಗೆ, ನನ್ನ ಸಹೋದ್ಯೋಗಿಗಳಿಗೆ, ಪ್ರವಾಸದ ಬಸ್ಸಿನವನಿಗೆ.

ಪರಊರಿನಲ್ಲಿರುವ ನಾವು ಇದನ್ನು ಬೇಗ ಅರ್ಥಮಾಡಿಕೊಳ್ಳಬೇಕಿತ್ತು. ನಮ್ಮ ಸಂಘದ ಯುಗಾದಿಗೆ ನೂರಿಪ್ಪತ್ತು ಜನ ಸೇರುತ್ತೇವೆ. "ಇಲ್ಲೂ ಕನ್ನಡದವರು ಇದ್ದಾರಾ?" ಎಂದು ಪಕ್ಕದ ಕಟ್ಟಡದವರು ಕೇಳಿದಾಗ ನಮಗೆ ಎಷ್ಟು ಕಸಿವಿಸಿಯಾಗುತ್ತದೆ!

ಪಾಂಡವಲೇಣಿಯ 10ನೆಯ ಗುಹೆಯ ಪಕ್ಕಕ್ಕೆ ಪುಟ್ಟದೊಂದು ಗುಹೆಯಿದೆ, 11ನೆಯದು. ಉಷವದಾತನ ವಿಶಾಲ ವಿಹಾರ ನೋಡಿ ಬಂದವರು ಅಲ್ಲಿ ನಿಲ್ಲುವುದಿಲ್ಲ. ಅಲ್ಲೊಂದು ಗಿಡ್ಡ ಶಾಸನವಿದೆ: ಲೇಖಕ ಶಿವಮಿತ್ರನ ಮಗ ರಾಮಣ್ಣಕನ ದಾನ. ಲೇಖಕನೆಂದರೆ ಕಾವ್ಯ ಬರೆಯುವವನಲ್ಲ, ಬರವಣಿಗೆಯ ಕೆಲಸದವನು, ನನ್ನ ಜಾತಿಯವನು. ರಾಜನ ಅಳಿಯನ ಗೋಡೆಗೆ ಅಂಟಿಕೊಂಡು ಒಬ್ಬ ಗುಮಾಸ್ತನ ಮಗ ತನ್ನ ಶಕ್ತಿಯಿದ್ದಷ್ಟು ಕೊರೆಸಿದ್ದಾನೆ. ಸ್ವಲ್ಪ ದೂರದ 8ನೆಯ ಗುಹೆ ಮುಗುದಾಸನೆಂಬ ಬೆಸ್ತನೂ ಅವನ ಕುಟುಂಬವೂ ಕೊಟ್ಟದ್ದು. ಇವರು ಏಕಾಂತ ಬಯಸಿ ಇವನ್ನು ಸಣ್ಣದಾಗಿ ಮಾಡಿಸಲಿಲ್ಲ. ಕೈಲಾದದ್ದು ಅಷ್ಟೇ ಇತ್ತು, ಮಾಡಿಸಿದರು, ಯಾರಾದರೂ ಬಂದು ಮಳೆಗೆ ನಿಲ್ಲಲಿ ಎಂದು. ಅದನ್ನು ಮುಚ್ಚಿಡುವ ಹಕ್ಕು ನನಗೆ ಎಲ್ಲಿಂದ ಬಂತು?

ಅಣ್ಣನಿಗೆ ಹೇಳದ್ದು ಸಂಕೋಚದಿಂದ ಎಂದು ಬಹಳ ದಿನ ನಂಬಿದ್ದೆ. ಅವನಿಗೆ ಹಿಡಿಸಲಿಕ್ಕಿಲ್ಲ, ಸುಮ್ಮನೆ ಮೆಟ್ಟಿಲು ಹತ್ತಿಸುವುದೇಕೆ ಎಂದು. ಈಗ ನೋಡಿದರೆ ಅರ್ಧ ಜಿಪುಣತನ. ಇನ್ನರ್ಧ ಅವನ ಕಣ್ಣನ್ನು ಕಡಿಮೆ ಅಂದಾಜು ಮಾಡಿದ್ದು. ಎರಡನೆಯದೇ ಹೆಚ್ಚಿನ ತಪ್ಪು. ಈಚೆಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಮೊಣಕಾಲು ಕೇಳೂದಿಲ್ಲೋ ತಮ್ಮಾ" ಎಂದ. ಆಮೇಲೆ, ಆ ಲೇಖಕನ ಮಗನ ಹೆಸರು ಇನ್ನೊಮ್ಮೆ ಹೇಳು, ಬರಕೋತೀನಿ ಎಂದ.

ಎಲ್ಲರಿಗೂ ಹೇಳಿದರೆ ಅಲ್ಲೂ ಬಸ್ಸುಗಳ ಸಾಲು ನಿಂತೀತಲ್ಲ ಎಂಬ ಭಯ ನನ್ನಲ್ಲಿ ಇಂದಿಗೂ ಪೂರ್ತಿ ಹೋಗಿಲ್ಲ. ಆದರೂ ನಮ್ಮ ಸಂಘದ ಈ ವರ್ಷದ ಪ್ರವಾಸದ ಸಭೆಯಲ್ಲಿ, ಎಲ್ಲೋರಕ್ಕೆ ಮಂಗಳವಾರ ರಜೆ, ಆ ದಿನ ಊರ ಹಿಂದಿನ ಗುಡ್ಡಕ್ಕೆ ಹೋಗೋಣ ಎಂದು ಸೂಚಿಸಿದ್ದೇನೆ. ಖಜಾಂಚಿಗಳು ಅಲ್ಲಿ ಊಟದ ವ್ಯವಸ್ಥೆ ಏನು ಎಂದು ಕೇಳಿದ್ದಾರೆ. ಬುತ್ತಿ ಕಟ್ಟಿಕೊಳ್ಳಬೇಕಾದೀತು ಎಂದೆ. ನಿರ್ಧಾರ ಮುಂದಿನ ಸಭೆಗೆ ಹೋಗಿದೆ.