ತೀರ್ಪುಗಾರನ ಕಿವಿ

ಒಂದು ಸೇರು ಅಕ್ಕಿಯನ್ನು ಹತ್ತು ಮಂದಿ ಅಳೆದರೂ ಅದು ಒಂದೇ ಸೇರು. ಒಂದು ವಾದನವನ್ನು ಹತ್ತು ಮಂದಿ ಕೇಳಿದರೆ ಹತ್ತು ಬಗೆಯ ಅಭಿಪ್ರಾಯಗಳು ಹುಟ್ಟುತ್ತವೆ. ಅವುಗಳಿಗೆ ಅಂಕಗಳ ರೂಪವಿತ್ತು ಕೂಡಿಸಿ ಭಾಗಿಸಿದರೆ ಒಂದು ಸಂಖ್ಯೆಯೇನೋ ದೊರೆಯುತ್ತದೆ; ಆದರೆ ಆ ಸಂಖ್ಯೆ ಅಳೆದದ್ದು ನುಡಿಸಿದವನನ್ನೋ ಕೇಳಿದವರನ್ನೋ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ವಾಚಕರು ಇದನ್ನು ಕಲಾವಿದರ ಜಗಳವೆಂದು ತಳ್ಳಿಹಾಕಬಾರದು. ಉತ್ತರಪತ್ರಿಕೆಗಳನ್ನು ತಿದ್ದುವ ಅಧ್ಯಾಪಕರು, ಸಂದರ್ಶನ ನಡೆಸುವ ಅಧಿಕಾರಿಗಳು, ಪಂಚಾಯಿತಿಕೆಗೆ ಕೂಡುವ ಹಿರಿಯರು, ಎಲ್ಲರೂ ಈ ಆಸನದಲ್ಲಿ ಕುಳಿತವರೇ. ಈ ಪ್ರಶ್ನೆ ನಿಚ್ಚಳವಾಗಿ ಎದ್ದು ತೋರಿದ ಒಂದು ಪ್ರಸಂಗವನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇವೆ. ಅದು ನಡೆದದ್ದು ಪೋಲೆಂಡಿನ ರಾಜಧಾನಿಯಾದ ವಾರ್ಸಾ ನಗರದಲ್ಲಿ, 1980ರಲ್ಲಿ.

ಪೋಲೆಂಡಿನ ಸಂಗೀತ ರಚನಕಾರ ಫ್ರೆಡೆರಿಕ್ ಶೋಪಾನ್ (1810–1849) ಅವರ ಹೆಸರಿನಲ್ಲಿ ಅಲ್ಲಿ 1927ರಿಂದ ಪಿಯಾನೊ ಸ್ಪರ್ಧೆ ನಡೆದುಬಂದಿದೆ; ಸಾಮಾನ್ಯವಾಗಿ ಐದು ವರ್ಷಗಳಿಗೊಮ್ಮೆ. ಪಿಯಾನೊ ನೋಡಲು ಹಾರ್ಮೋನಿಯಮ್ಮಿನಂತೆ ಮಣೆಗಳುಳ್ಳ ವಾದ್ಯವಾದರೂ ಅದರ ನಾದ ಗಾಳಿಯಿಂದ ಹುಟ್ಟುವುದಲ್ಲ. ಮಣೆಯನ್ನು ಒತ್ತಿದೊಡನೆ ಉಣ್ಣೆ ಹೊದಿಸಿದ ಸಣ್ಣ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಮೇಲೆ ಆ ಸ್ವರವನ್ನು ವೀಣೆಯಲ್ಲಿ ಎಳೆದಂತೆ ಎಳೆಯಲಾಗದು, ಗಮಕದಿಂದ ತೂಗಲಾಗದು. ಹುಟ್ಟಿದ ಕ್ಷಣದಿಂದಲೇ ಅದು ಕ್ಷೀಣಿಸತೊಡಗುತ್ತದೆ. ನಮ್ಮ ವಿದ್ವಾಂಸರಿಗಿರುವ ಮನೋಧರ್ಮದ ಸ್ವಾತಂತ್ರ್ಯವೂ ಅಲ್ಲಿಲ್ಲ. ಯಾವ ಸ್ವರದ ಬಳಿಕ ಯಾವ ಸ್ವರ, ಎಲ್ಲಿ ಮೆಲ್ಲಗೆ, ಎಲ್ಲಿ ಗಟ್ಟಿಯಾಗಿ ಎಂಬುದೆಲ್ಲ ಹಾಳೆಯ ಮೇಲೆ ಬರೆದಿಟ್ಟಿರುತ್ತದೆ. ಹಾಗಿದ್ದರೆ ಸ್ಪರ್ಧೆ ಯಾವುದರಲ್ಲಿ? ತಪ್ಪಿಲ್ಲದೆ ನುಡಿಸುವುದರಲ್ಲೆಂದರೆ, ಅಂತಿಮ ಸುತ್ತಿಗೆ ಬರುವ ಎಲ್ಲರೂ ಬಹುಮಟ್ಟಿಗೆ ತಪ್ಪಿಲ್ಲದೆಯೇ ನುಡಿಸುತ್ತಾರೆ. ಹಾಳೆಯಲ್ಲಿ ಬರೆಯಲಾಗದೆ ಉಳಿದದ್ದು, ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವಣ ಕೂದಲೆಳೆಯಷ್ಟು ತಡೆ, ಬೆರಳಿನ ತೂಕ, ಮೌನದ ಅಳತೆ, ಅದರಲ್ಲಿಯೇ ಸ್ಪರ್ಧೆ.

ಇಂಥದ್ದನ್ನು ತೂಗುವ ಕಷ್ಟಕ್ಕೆ ಹಳೆಯದೊಂದು ನಿದರ್ಶನವಿದೆ. 1932ರಲ್ಲಿ ರಷ್ಯನ್ ಮೂಲದ ಅಲೆಕ್ಸಾಂಡರ್ ಉನಿನ್ಸ್ಕಿ ಮತ್ತು ಹಂಗೇರಿಯ ಅಂಧ ಕಲಾವಿದ ಇಮ್ರೆ ಉಂಗಾರ್ ಇಬ್ಬರಿಗೂ ಸಮಾನ ಅಂಕಗಳು ಬಂದವು. ಪ್ರಥಮ ಸ್ಥಾನವನ್ನು ಕೊನೆಗೆ ನಾಣ್ಯ ಚಿಮ್ಮಿ ನಿರ್ಣಯಿಸಿದರು. ಅದು ಉನಿನ್ಸ್ಕಿಯವರ ಕಡೆಗೆ ಬಿತ್ತು. ನಗು ಬರಬಹುದು. ಆದರೂ ನಾಣ್ಯಕ್ಕೆ ಪಕ್ಷಪಾತವಿಲ್ಲ ಎಂಬುದನ್ನು ಮರೆಯಲಾಗದು.

1980ರ ಸ್ಪರ್ಧೆಗೆ ಯುಗೊಸ್ಲಾವಿಯಾದಿಂದ ಈವೊ ಪೊಗೊರೆಲಿಚ್ ಎಂಬ ತರುಣ ಬಂದರು. ಬರೆದಿಟ್ಟ ಸೂಚನೆಗಳನ್ನು ತಮ್ಮಿಚ್ಛೆಯಂತೆ ನಡೆಸಿಕೊಳ್ಳುತ್ತಾರೆಂಬುದು ಅವರ ಮೇಲಿನ ಆಕ್ಷೇಪ. ಮೊದಲ ಸುತ್ತಿನಲ್ಲಿ ಅವರು ತೇರ್ಗಡೆಯಾದುದನ್ನು ಒಪ್ಪದೆ ಲೂಯಿ ಕೆಂಟ್ನರ್ ಎಂಬ ಹಿರಿಯ ತೀರ್ಪುಗಾರರು ಮಂಡಳಿಯನ್ನು ಬಿಟ್ಟು ನಡೆದರು. ಮೂರನೆಯ ಸುತ್ತಿನಲ್ಲಿ ಪೊಗೊರೆಲಿಚ್ ಹೊರಬಿದ್ದಾಗ, 1965ರಲ್ಲಿ ಅದೇ ಸ್ಪರ್ಧೆಯನ್ನು ಗೆದ್ದಿದ್ದ ಅರ್ಜೆಂಟೀನಾದ ಮಾರ್ತಾ ಆರ್ಗೆರಿಚ್, ಈತ ಅಸಾಧಾರಣ ಪ್ರತಿಭಾವಂತನೆಂದು ಸಾರಿ ತಾವೂ ಮಂಡಳಿಯನ್ನು ತೊರೆದರು. ವಾದಕರು ಒಬ್ಬರೇ, ಸ್ಪರ್ಧೆ ಒಂದೇ. ಒಬ್ಬರು ಅವರನ್ನು ಒಳಗೆ ಬಿಟ್ಟದ್ದಕ್ಕೆ ಎದ್ದರು, ಇನ್ನೊಬ್ಬರು ಹೊರಗೆ ಹಾಕಿದ್ದಕ್ಕೆ ಎದ್ದರು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಆ ವಿದ್ಯೆಯಲ್ಲಿ ನುರಿತವರು.

ನಮ್ಮ ಆಲಂಕಾರಿಕ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ವಿಮರ್ಶಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಯಾವುದೂ ರುಚಿಸದವನು ಅರೋಚಕಿ. ಅನ್ನದೊಡನೆ ಹುಲ್ಲನ್ನೂ ನುಂಗುವವನು ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಒಪ್ಪದವನು ಮತ್ಸರಿ. ತತ್ತ್ವದಲ್ಲಿ ಮನಸ್ಸು ನಿಲ್ಲಿಸಿದವನು ತತ್ತ್ವಾಭಿನಿವೇಶಿ. ಈ ಕೊನೆಯವನು ಸಾವಿರಕ್ಕೊಬ್ಬನೆಂದು ಆತನ ಮತ. ಆದರೆ ವಾರ್ಸಾದ ಪ್ರಸಂಗ ಈ ವಿಂಗಡಣೆಗೂ ತೊಡಕನ್ನು ತರುತ್ತದೆ. ಅಲ್ಲಿ ಎದುರುಬದುರಾದವರು ಇಬ್ಬರೂ ತತ್ತ್ವಾಭಿನಿವೇಶಿಗಳೇ. ಕೃತಿಕಾರನ ಬರಹಕ್ಕೆ ನಿಷ್ಠೆಯೇ ಒಬ್ಬರಿಗೆ ತತ್ತ್ವ. ಆ ಬರಹ ಇಂದು ಉಸಿರಾಡುವಂತೆ ಮಾಡುವುದೇ ಇನ್ನೊಬ್ಬರಿಗೆ ತತ್ತ್ವ. ಇಬ್ಬರ ಅಂಕಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಸಂಖ್ಯೆ ಯಾರ ತತ್ತ್ವ?

ಲೋಕ ಆರ್ಗೆರಿಚ್ ಅವರನ್ನು ಮೆಚ್ಚಿತು. ಮರುವರ್ಷವೇ ಪೊಗೊರೆಲಿಚ್ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ನುಡಿಸಿದರು. ಸೋತವರಿಗೆ ಗೆದ್ದವರಿಗಿಂತ ಹೆಚ್ಚಿನ ಕೀರ್ತಿ ಬಂದಿತು. ನಾವೂ ಬಹುಕಾಲ ಆ ತ್ಯಾಗವನ್ನು ಕೊಂಡಾಡಿದವರೇ. ಆದರೆ ಗೆದ್ದವರು ಯಾರೆಂದು ವಿಚಾರಿಸಿದ ಮೇಲೆ ಮನಸ್ಸು ಕಲಕಿತು.

ಗೆದ್ದವರು ವಿಯೆಟ್ನಾಮಿನ ಡಾಂಗ್ ಥಾಯ್ ಸೋನ್. 1958ರಲ್ಲಿ ಹನೋಯಿಯಲ್ಲಿ ಹುಟ್ಟಿದವರು. ತಾಯಿಯೇ ಮೊದಲ ಗುರು. ಅಮೆರಿಕದ ಬಾಂಬುಗಳು ಬೀಳುತ್ತಿದ್ದಾಗ ನಗರವನ್ನು ಬಿಟ್ಟು ಹಳ್ಳಿಯಲ್ಲಿ ಅಭ್ಯಾಸ ನಡೆಸಿದ ಬಾಲಕ. ಮುಂದೆ ಮಾಸ್ಕೋದಲ್ಲಿ ಕಲಿತು, ಆ ಸ್ಪರ್ಧೆಯಲ್ಲಿ ಪ್ರಥಮ ಸ್ಥಾನ ಪಡೆದ ಮೊದಲ ಏಷ್ಯಾದವರಾದರು. ಇಷ್ಟಾದರೂ ಆ ವರ್ಷದ ಮಾತು ಬಂದಾಗಲೆಲ್ಲ ಜನ ಮೊದಲು ಹೇಳುವುದು ಪೊಗೊರೆಲಿಚ್ ಹೆಸರನ್ನು. ತೀರ್ಪುಗಾರರು ಎದ್ದು ಹೋದಾಗ ಅವರು ಖಾಲಿ ಬಿಟ್ಟದ್ದು ತಮ್ಮ ಕುರ್ಚಿಯೊಂದನ್ನೇ ಅಲ್ಲ; ಯಾವ ದೋಷವನ್ನೂ ಮಾಡದ ಒಬ್ಬ ತರುಣನ ಗೆಲುವಿನ ಮೇಲೆ ಅವರ ನೆರಳು ಬಿದ್ದಿತು. ಅನ್ಯಾಯವಾಯಿತೆಂದು ಕೂಗುವಾಗ ಆ ಕೂಗು ಯಾರ ತಲೆಯ ಮೇಲೆ ಹೋಗಿ ಬೀಳುತ್ತದೆಂದು ನಾವೆಷ್ಟು ಮಂದಿ ನೋಡುತ್ತೇವೆ?

ಹಾಗೆಂದು ಕುಳಿತೇ ಇದ್ದವರ ತೀರ್ಪನ್ನು ಪ್ರಮಾಣವೆಂದು ಹೇಳಲೂ ಆಗದು. ಬ್ರಸೆಲ್ಸ್ ನಗರದ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಅಂತಿಮ ಸುತ್ತಿನ ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡುತ್ತಾರೆ. ಅದರ ಫಲಿತಾಂಶಗಳನ್ನು ಪರಿಶೀಲಿಸಿ ಇಬ್ಬರು ಅರ್ಥಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಮೊದಲ ದಿನ ನುಡಿಸಿದವರಿಗೆ ಮೇಲಿನ ಸ್ಥಾನ ದೊರೆಯುವ ಸಂಭವ ಕಡಿಮೆ. 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಮತ್ತೂ ವಿಚಿತ್ರ: ಸ್ಪರ್ಧೆಯ ತುಣುಕುಗಳನ್ನು ಕೇಳಿದವರಿಗಿಂತ, ಧ್ವನಿಯಿಲ್ಲದೆ ಬರಿಯ ಚಿತ್ರವನ್ನು ನೋಡಿದವರೇ ಗೆದ್ದವರನ್ನು ಹೆಚ್ಚು ಸರಿಯಾಗಿ ಗುರುತಿಸಿದರು. ಪಳಗಿದ ಸಂಗೀತಗಾರರ ಪಾಡೂ ಬೇರೆಯಾಗಿರಲಿಲ್ಲ. ಕಿವಿಯ ಕೆಲಸವೆಂದು ನಂಬಿದ್ದನ್ನು ಕಣ್ಣು ಮಾಡಿ ಮುಗಿಸಿರುತ್ತದೆ.

2015ರಲ್ಲಿ ವಾರ್ಸಾದವರು ಪ್ರತಿ ತೀರ್ಪುಗಾರರ ಅಂಕಗಳನ್ನೂ ಬಹಿರಂಗಪಡಿಸಿದರು. ಗೆದ್ದ ಕೊರಿಯಾದ ಚೋ ಸೋಂಗ್‌ಜಿನ್ ಅವರಿಗೆ ಅಂತಿಮ ಸುತ್ತಿನಲ್ಲಿ ಹೆಚ್ಚಿನವರು ಹತ್ತಕ್ಕೆ ಒಂಬತ್ತು, ಹತ್ತು ಕೊಟ್ಟಿದ್ದರೆ, ಫಿಲಿಪ್ ಆಂತ್ರಮೋಂ ಕೊಟ್ಟದ್ದು ಒಂದು. ಕೆಲವರು ಅದನ್ನು ಹಗೆತನವೆಂದರು. ನಮಗೆ ಹಾಗೆ ಹೇಳುವ ಆಧಾರವಿಲ್ಲ. ಅವರು ಎದ್ದು ಹೋಗಲಿಲ್ಲ, ತಮ್ಮ ಭಿನ್ನಮತವನ್ನು ಕುಳಿತಲ್ಲಿಯೇ ದಾಖಲಿಸಿದರು. ಅಷ್ಟರಮಟ್ಟಿಗೆ ಅದು ಎದ್ದು ಹೋಗುವುದಕ್ಕಿಂತ ಮೇಲು. ಆದರೆ ಆ ಒಂದು ಎಂಬ ಅಂಕಿ ಮೂಕ. ನುಡಿಸಿದ ತರುಣ ಅದರಿಂದ ಏನನ್ನು ತಿಳಿಯಬೇಕು? ತೀರ್ಪು ಕೊಡುವ ಅಧಿಕಾರವಿದ್ದವನಿಗೆ ಕಾರಣ ಕೊಡುವ ಋಣವೂ ಇದೆ ಎಂಬುದು ನಮ್ಮ ಅಭಿಪ್ರಾಯ. ನನಗೆ ಹಿಡಿಸಲಿಲ್ಲ ಎಂಬುದೂ ಇದು ಸರಿಯಲ್ಲ ಎಂಬುದೂ ಬೇರೆ ಬೇರೆ ಮಾತುಗಳು. ಬರೆಯಲು ಕುಳಿತಾಗಲೇ ಆ ಭೇದ ಬೆಳಕಿಗೆ ಬರುತ್ತದೆ. ಅಂಕಿಯಲ್ಲಿ ಅದು ಅಡಗಿಕೊಳ್ಳುತ್ತದೆ.

ಇದನ್ನು ಅನ್ಯರ ಮೇಲಿಟ್ಟು ಹೇಳಿ ಸುಮ್ಮನಾಗಲಾರೆವು. ಹಲವು ವರ್ಷಗಳ ಹಿಂದೆ ಕಾಲೇಜು ವಿದ್ಯಾರ್ಥಿಗಳ ಭಾಷಣ ಸ್ಪರ್ಧೆಯೊಂದಕ್ಕೆ ನಮ್ಮನ್ನು ತೀರ್ಪುಗಾರರಾಗಿ ಕರೆದಿದ್ದರು. ವಿಷಯ ನೀರಿನ ಮಹತ್ತ್ವ. ಹುಡುಗರೆಲ್ಲ ಶ್ಲೋಕಗಳಿಂದ ಆರಂಭಿಸಿ ಅಂದವಾಗಿ ಮಾತನಾಡಿದರು. ಒಬ್ಬ ಹುಡುಗ ಮಾತ್ರ ವೇದಿಕೆಗೆ ಬಂದವನೇ, ಬತ್ತಿದ ಬಾವಿಯನ್ನು ಇನ್ನಷ್ಟು ಆಳ ಮಾಡಲು ತನ್ನ ತಂದೆ ಇಳಿದ ದಿನದ ಸಂಗತಿಯನ್ನು ತನ್ನ ಊರಿನ ಮಾತಿನಲ್ಲಿ ಹೇಳಿ, ನಡುವೆ ತಡೆದು, ಅರ್ಧಕ್ಕೇ ಇಳಿದುಹೋದ. ಸಭೆ ಕೆಲಹೊತ್ತು ಚಪ್ಪಾಳೆಯನ್ನೇ ಮರೆತಿತ್ತು. ನಾವು ಕೊಟ್ಟದ್ದು ಹತ್ತಕ್ಕೆ ಮೂರು. ಷರಾದ ಅಂಕಣದಲ್ಲಿ ನಮ್ಮ ಕೈಬರಹದಲ್ಲಿ ಇದ್ದ ಕಾರಣ ಇಷ್ಟು: ಸಭೆಗೆ ಸಂಬೋಧನೆ ಇಲ್ಲ.