ಕೆಲಸ ಮುಗಿದರೂ ಉಳಿಯುವ ಬಿಸಿ

ಮಾಡಿದ ಕೆಲಸ ಅಲ್ಲಿಗೇ ಮುಗಿಯುತ್ತದೆಯೇ, ಇಲ್ಲ ಮಾಡಿದವರಿಗೆ ಏನನ್ನಾದರೂ ಅಂಟಿಸಿ ಹೋಗುತ್ತದೆಯೇ? ಈ ಪ್ರಶ್ನೆಗೆ ಜೈನರು ಕೊಟ್ಟ ಉತ್ತರ ಬೆರಗು ಹುಟ್ಟಿಸುವಷ್ಟು ಭೌತಿಕವಾದದ್ದು. ಅವರ ಪಾಲಿಗೆ ಕರ್ಮ ಬರೀ ನಿಯಮವಲ್ಲ, ಅದು ಪುದ್ಗಲ; ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ದ್ರವ್ಯ. ಮನಸ್ಸು, ಮಾತು, ಮೈ ಅಲುಗಿದರೆ ಸಾಕು, ಜೀವದತ್ತ ಹರಿದು ಬರುತ್ತದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ಅವನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಸುಮಾರು ಸಾವಿರ ವರ್ಷಗಳ ಹಿಂದೆ ‘ಗೊಮ್ಮಟಸಾರ’ವನ್ನು ರಚಿಸಿದರು. ಅದರ ಕರ್ಮಕಾಂಡದಲ್ಲಿ ಕರ್ಮದ 8 ಮೂಲ ಬಗೆಗಳು, 148 ಒಳಬಗೆಗಳು ಇವೆ. ಯಾವುದು ಎಷ್ಟು ಕಾಲ ಅಂಟಿರುತ್ತದೆ, ಎಷ್ಟು ತೀವ್ರವಾಗಿ ಫಲ ಕೊಡುತ್ತದೆ ಎಂಬ ಲೆಕ್ಕವೂ ಇದೆ.

ಕಾದು ಕೈಸುಡುವ ಗೇಮಿಂಗ್ ಲ್ಯಾಪ್‌ಟಾಪು ಈ ಲೆಕ್ಕವನ್ನು ಮತ್ತೆ ನೆನಪಿಗೆ ತರುತ್ತದೆ. 230 ವ್ಯಾಟಿನ ಅಡಾಪ್ಟರ್ ಮೂಲಕ ಒಳಬರುವ ವಿದ್ಯುತ್ತಿನಲ್ಲಿ ಪರದೆಯ ಬೆಳಕು, ಸ್ಪೀಕರಿನ ಸದ್ದು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಶಾಖವೇ. ಆಟದಲ್ಲಿ ಗೆದ್ದರೂ ಅಷ್ಟೇ, ಸೋತರೂ ಅಷ್ಟೇ.

ಇದನ್ನು ತಯಾರಿಕೆಯ ದೋಷ ಎಂದು ತಳ್ಳಿಹಾಕುವಂತಿಲ್ಲ. ಒಂದೇ ಒಂದು ಬಿಟ್ ಮಾಹಿತಿಯನ್ನು ಅಳಿಸಬೇಕಾದರೂ ಒಂದು ಕನಿಷ್ಠ ಪ್ರಮಾಣದ ಶಾಖ ಹೊರಬೀಳಲೇಬೇಕು ಎಂದು ಐಬಿಎಂನ ಭೌತವಿಜ್ಞಾನಿ ರಾಲ್ಫ್ ಲ್ಯಾಂಡೌರ್ 1961ರಲ್ಲಿ ವಾದಿಸಿದರು. ಅದು ತೀರಾ ಅತ್ಯಲ್ಪ. 2012ರಲ್ಲಿ ಗಾಜಿನ ಒಂದು ಸೂಕ್ಷ್ಮ ಮಣಿಯನ್ನು ಲೇಸರ್ ಬಲೆಯಲ್ಲಿ ಹಿಡಿದಿಟ್ಟು ಮಾಡಿದ ಪ್ರಯೋಗದಲ್ಲಿ ಈ ಮಾತಿಗೆ ಪುರಾವೆ ಸಿಕ್ಕಿತು. ಇಂದಿನ ಚಿಪ್‌ಗಳು ಈ ಕನಿಷ್ಠಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಉರಿಸುತ್ತವೆ, ಆದ್ದರಿಂದ ತಗ್ಗಿಸಲು ಜಾಗ ಬೇಕಾದಷ್ಟಿದೆ. ಲ್ಯಾಂಡೌರ್ ಅವರ ಸಹೋದ್ಯೋಗಿ ಚಾರ್ಲ್ಸ್ ಬೆನೆಟ್ 1973ರಲ್ಲಿ ಏನನ್ನೂ ಅಳಿಸದೆ ಲೆಕ್ಕ ಮಾಡುವ ದಾರಿಯನ್ನೂ ತೋರಿಸಿದರು. ಆ ದಾರಿಯಲ್ಲಿ ಶಾಖ ಸೊನ್ನೆಯ ಹತ್ತಿರ ಹೋಗುತ್ತದೆ, ಆದರೆ ಲೆಕ್ಕ ನಿಧಾನವಾದಷ್ಟೂ ಮಾತ್ರ. ಅವಸರಕ್ಕೆ ಬೆಲೆ ತೆರಲೇಬೇಕು.

ಆ ಬೆಲೆ ಮಿತಿಮೀರಿದಾಗ ಆಗುವುದೇ ಥ್ರಾಟ್ಲಿಂಗ್. ಪ್ರೊಸೆಸರಿನ ಕಾವು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಲೇ ಅದು ತನ್ನ ವೇಗವನ್ನು ತಾನೇ ಕಡಿದುಕೊಳ್ಳುತ್ತದೆ; ಪರದೆಯ ಮೇಲೆ ಓಡುತ್ತಿದ್ದ ಚಿತ್ರ ತಡವರಿಸುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಇದು ಇನ್ನೂ ಬೇಗ. ಕೋಣೆ 25 ಡಿಗ್ರಿ ಇದ್ದರೆ 100 ಡಿಗ್ರಿಯ ಚಿಪ್‌ಗೂ ಗಾಳಿಗೂ 75 ಡಿಗ್ರಿ ಅಂತರ. ಕೋಣೆಯೇ 40 ಆದರೆ ಉಳಿಯುವುದು 60. ಅದೇ ಫ್ಯಾನು, ಚಿಪ್‌ನಿಂದ ಶಾಖ ಸಾಗಿಸುವ ಅದೇ ತಾಮ್ರ, ಆದರೂ ಶಾಖ ಹೊರಹಾಕುವ ಶಕ್ತಿಯಲ್ಲಿ ಐದನೇ ಒಂದು ಪಾಲು ಹೋಯಿತು.

ಬೇರೆ ದಾರಿಯಿಲ್ಲದೆ ಸಹಿಸಿ ಕರ್ಮ ಕಳೆಯುವುದನ್ನು ಜೈನರು ಅಕಾಮ ನಿರ್ಜರೆ ಎನ್ನುತ್ತಾರೆ. ಸೆರೆಯಲ್ಲಿರುವವನು ಅನ್ನ ಸಿಗದೆ ಹಸಿದಿರುವುದು ಬೇರೆ, ತಾನೇ ನಿಶ್ಚಯಿಸಿ ಉಪವಾಸ ಮಾಡುವುದು ಬೇರೆ. ಥ್ರಾಟ್ಲಿಂಗ್ ಮೊದಲನೆಯ ಬಗೆಯದು. ಚಿಪ್ ಸುಡದಂತೆ ಅದು ಕಾಯುತ್ತದೆ ನಿಜ, ಆದರೆ ಯಾವಾಗ, ಎಷ್ಟು ಎಂಬುದು ಆಡುವವರ ಕೈಯಲ್ಲಿಲ್ಲ. ಎರಡನೆಯ ಬಗೆಗೂ ಇಲ್ಲಿ ಅವಕಾಶವಿದೆ ಎಂಬುದೇ ಮುಖ್ಯ ಸಂಗತಿ.

ಜೈನ ತತ್ತ್ವಗಳ ಪಟ್ಟಿಯಲ್ಲಿ ಸಂವರ ಮೊದಲು, ನಿರ್ಜರೆ ಆಮೇಲೆ. ಒಳಹರಿವನ್ನು ತಡೆಯುವುದು ಸಂವರ, ಸೇರಿಕೊಂಡದ್ದನ್ನು ಕಳೆಯುವುದು ನಿರ್ಜರೆ. ಲ್ಯಾಪ್‌ಟಾಪ್ ಕಾದಾಗ ಬಹಳ ಜನ ಎರಡನೆಯದಕ್ಕೇ ಕೈ ಹಾಕುತ್ತಾರೆ; ಕೂಲಿಂಗ್ ಪ್ಯಾಡ್ ಕೊಳ್ಳುತ್ತಾರೆ. ಮೊದಲನೆಯದಕ್ಕೆ ಕಾಸೂ ಬೇಕಿಲ್ಲ. ಪರದೆ 144 ಹರ್ಟ್ಸ್‌ನದು ಎಂಬ ಒಂದೇ ಕಾರಣಕ್ಕೆ ಸೆಕೆಂಡಿಗೆ 144 ಫ್ರೇಮ್ ಬರಲೇಬೇಕೆಂದಿಲ್ಲ. ಎಷ್ಟೋ ಆಟಗಳಿಗೆ 60 ಅಥವಾ 90 ಸಾಕು, ಸೆಟ್ಟಿಂಗ್ಸ್‌ನಲ್ಲೇ ಮಿತಿ ಹಾಕಬಹುದು. ಹೊಲ, ಮನೆ, ಹೊನ್ನು, ಧಾನ್ಯ ಇಷ್ಟೇ ಸಾಕೆಂದು ಗೃಹಸ್ಥ ತಾನಾಗಿಯೇ ಗೆರೆ ಎಳೆದುಕೊಳ್ಳುವ ಪರಿಗ್ರಹ ಪರಿಮಾಣ ವ್ರತದ ಜಾಡು ಇದೇ.

ವೋಲ್ಟೇಜ್ ಇಳಿಸುವುದು ಇನ್ನೊಂದು ಉಪಾಯ. ಚಿಪ್ ಓಡುವಾಗ ಬೇಕಾಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಅಂದರೆ ವೋಲ್ಟೇಜ್ 10% ತಗ್ಗಿದರೆ, ವೇಗ ಅಷ್ಟೇ ಇದ್ದರೂ, ಆ ಬಳಕೆ 19% ಇಳಿಯುತ್ತದೆ. 2019ರಲ್ಲಿ ‘ಪ್ಲಂಡರ್‌ವೋಲ್ಟ್’ ಎಂಬ ಭದ್ರತಾ ದೋಷ ಬಯಲಾದ ಮೇಲೆ ಎಷ್ಟೋ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಈ ಬಾಗಿಲು ಮುಚ್ಚಿದೆ. ಅಂಥ ಕಡೆ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ಎಂಬ ಹೆಚ್ಚುವರಿ ವೇಗ ನಿಲ್ಲುತ್ತದೆ, ಕಾವು ಎದ್ದು ಕಾಣುವಷ್ಟು ಇಳಿಯುತ್ತದೆ.

ಇಷ್ಟಾದ ಮೇಲೆ ಸ್ಕ್ರೂಡ್ರೈವರ್. ತಳದ ಮುಚ್ಚಳ ತೆಗೆದರೆ ಫ್ಯಾನಿನ ಅಲಗುಗಳು ಅಷ್ಟೇನೂ ಕೊಳಕಾಗಿ ಕಾಣುವುದಿಲ್ಲ. ಕಸ ಇರುವುದು ಫ್ಯಾನಿಗೂ ತೆಳು ಲೋಹದ ರೆಕ್ಕೆಗಳಿಗೂ ನಡುವಿನ ಸಂದಿಯಲ್ಲಿ. ಅಲ್ಲಿ ಬೂದುಬಣ್ಣದ ಧೂಳು ಕಂಬಳಿಯ ತುಂಡಿನಂತೆ ಒತ್ತಾಗಿ ಕೂತಿರುತ್ತದೆ, ಚಿಮಟದಿಂದ ಹಿಡಿದೆಳೆದರೆ ಇಡಿಯಾಗಿಯೇ ಬರುವುದೂ ಉಂಟು. ಬ್ಲೋವರ್ ಬಿಡುವಾಗ ಫ್ಯಾನನ್ನು ಬೆರಳಿನಿಂದ ತಡೆದಿರಬೇಕು, ಇಲ್ಲವಾದರೆ ಅತಿವೇಗದಲ್ಲಿ ತಿರುಗಿ ಅದರ ಬೇರಿಂಗ್ ಕೆಡಬಹುದು. ಚಿಪ್‌ಗೂ ತಾಮ್ರಕ್ಕೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಬಿರಿದಿದ್ದರೆ ಒರೆಸಿ ಹೊಸದು ಹಚ್ಚಬೇಕು. ಲಿಕ್ವಿಡ್ ಮೆಟಲ್ ಬಳಸುವವರು ಎಚ್ಚರವಾಗಿರಬೇಕು. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಸೋರಿದರೆ ಬೋರ್ಡನ್ನು ಶಾರ್ಟ್ ಮಾಡುತ್ತದೆ.

ಆದರೆ ಕರ್ಮದ ಲೆಕ್ಕಕ್ಕೂ ಶಾಖದ ಲೆಕ್ಕಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಜೀವದಿಂದ ಕಳಚಿದ ಕರ್ಮ ಪಕ್ಕದವರ ಪಾಲಿಗೆ ಹೋಗುವುದಿಲ್ಲ. ಫ್ಯಾನು ತಳ್ಳಿದ ಬಿಸಿ ಮಾತ್ರ ಕೋಣೆಗೆ ಬರುತ್ತದೆ. ಎಸಿ ಹಾಕಿದರೆ ಅದು ಮತ್ತಷ್ಟು ವಿದ್ಯುತ್ ತಿಂದು ಆ ಬಿಸಿಯನ್ನು ಬೀದಿಗೆ ತಳ್ಳುತ್ತದೆ. ಆ ವಿದ್ಯುತ್ತಿನ ಒಂದು ಪಾಲಿಗಾಗಿ ರಾಯಚೂರು ಪಕ್ಕದ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತದೆ. ತಂತ್ರಜ್ಞಾನದ ನಿರ್ಜರೆ ಎಂದರೆ ಬಹುಮಟ್ಟಿಗೆ ಭಾರವನ್ನು ಇನ್ನೊಬ್ಬರಿಗೆ ದಾಟಿಸುವುದೇ. ಹೀಗಾಗಿ ಸಂವರವನ್ನು ಮೊದಲಿಡುವ ಜೈನರ ಕ್ರಮ ಇಲ್ಲಿ ಇನ್ನಷ್ಟು ಬಿಗಿಯಾಗಿ ಅನ್ವಯಿಸುತ್ತದೆ. ರಿಪೇರಿ ಅಂಗಡಿಗೆ ಬಂದ ಕಾದ ಲ್ಯಾಪ್‌ಟಾಪಿನ ಮುಚ್ಚಳ ಬಿಚ್ಚುವ ಮೊದಲು, ಅದರ ಒಡೆಯನಿಗೆ ನಿಜಕ್ಕೂ ಎಷ್ಟು ಫ್ರೇಮ್ ಬೇಕು ಎಂದು ಕೇಳುವುದು ರಿಪೇರಿಯ ಭಾಗವೇ ಆಗಬೇಕು.