ಪ್ರಮಾಣಪತ್ರವು ಪ್ರಮಾಣವೇ?

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಗ್ರಾಮವು ಹೊರಗಿನವರಿಗೆ ಪರಿಚಿತವಾಗಿರುವುದು ಅಲ್ಲಿನ ಹುಣಸೆಯ ತೋಪಿನಿಂದ. ಸುಮಾರು 54 ಎಕರೆಯ ಆ ತೋಪಿನಲ್ಲಿ ಮುನ್ನೂರಕ್ಕೆ ಸಮೀಪವಾದಷ್ಟು ಮರಗಳಿವೆ. ಅವುಗಳಲ್ಲಿ ಕೆಲವು ಹಲವು ಶತಮಾನಗಳನ್ನು ಕಂಡವು. 2007ರಲ್ಲಿ ಅದು ದೇಶದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಮರುವರ್ಷದ ಮೇ ತಿಂಗಳಿನಲ್ಲಿ ಅದೇ ತಾಲ್ಲೂಕಿನಲ್ಲಿ ವಿಮಾನ ನಿಲ್ದಾಣವು ತೆರೆಯಿತು. ಮರಗಳಿಗೆ ಬಂದ ಕೀರ್ತಿಯಿಂದ ಊರಿನ ಮನೆಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ವಿಮಾನ ನಿಲ್ದಾಣದಿಂದ ಮಾತ್ರ ಜಗಲಿಯ ಮೇಲಿನ ಮಾತೇ ಬೇರೆಯಾಯಿತು. ರೇಷ್ಮೆ, ದ್ರಾಕ್ಷಿ, ಚಕ್ಕೋತಗಳ ಮಾತಿನ ನಡುವೆ ಎಕರೆಗೆ ಇಷ್ಟು ಎಂಬ ಮಾತು ಸೇರಿಕೊಂಡಿತು. ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ತೆಗೆದುಕೊಳ್ಳುವ ಸರ್ಕಾರದ ಯೋಜನೆಯನ್ನು ರೈತರು ವರ್ಷಗಟ್ಟಲೆ ಎದುರಿಸಿದರು. 2025ರ ಜುಲೈ ತಿಂಗಳಿನಲ್ಲಿ ಅದನ್ನು ಕೈಬಿಟ್ಟುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು. ಹೀಗೆ ನೆಲವು ಇಂದಿದ್ದು ನಾಳೆ ಇರುವುದೋ ಇಲ್ಲವೋ ಎಂಬ ಶಂಕೆಯಲ್ಲಿ ಬೆಳೆದ ಮಕ್ಕಳಿಗೆ, ಯಾರೂ ನೋಟೀಸು ಕೊಟ್ಟು ಕಿತ್ತುಕೊಳ್ಳಲಾಗದ ಆಸ್ತಿ ವಿದ್ಯೆಯೊಂದೇ ಎಂದು ತೋರಿದರೆ ಆಶ್ಚರ್ಯವಿಲ್ಲ. ಈ ಕಾಲದಲ್ಲಿ ವಿದ್ಯೆಯೆಂದರೆ ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವ ವಿದ್ಯೆ.

ಇಂಥ ಊರಿನ ಒಂದು ಮನೆಯನ್ನು ಓದುಗರು ಮನಸ್ಸಿಗೆ ತಂದುಕೊಳ್ಳಬಹುದು. ಹುಡುಗನು ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿರುವನು. ಬೆಂಗಳೂರಿನ ಒಂದು ತರಬೇತಿ ಶಾಲೆಗೆ ಸೇರಿ ಆರು ತಿಂಗಳು ಜಾವಾ ಭಾಷೆಯನ್ನೂ ದತ್ತಾಂಶಗಳನ್ನು ಜೋಡಿಸಿಡುವ ಕ್ರಮವನ್ನೂ ಕಲಿತಿರುವನು. ಶುಲ್ಕಕ್ಕಾಗಿ ತಾಯಿಯ ಬಳೆಗಳು ಬ್ಯಾಂಕಿನಲ್ಲಿ ಅಡವಾಗಿವೆ. ಪ್ರಮಾಣಪತ್ರವು ಕೈಗೆ ಬಂದಿದೆ. ಆದರೆ ಹೋದ ಕಡೆಯಲ್ಲೆಲ್ಲ ಎರಡು ವರ್ಷದ ಅನುಭವವುಂಟೇ ಎಂದು ಕೇಳುತ್ತಾರೆ. ಆಗ ತರಬೇತಿ ಶಾಲೆಯವರೇ ಉಪಾಯ ಹೇಳುತ್ತಾರೆ. ಇನ್ನಷ್ಟು ಹಣ ಕೊಟ್ಟರೆ, ಇಂಥ ಕಂಪನಿಯಲ್ಲಿ ಎರಡು ವರ್ಷ ದುಡಿದವನೆಂದು ಒಂದು ಕಾಗದ ದೊರೆಯುವುದು. ಸಂಬಳದ ಚೀಟಿಗಳೂ ಅದರೊಡನೆ ಬರುವುವು. ಭಾನುವಾರ ಊರಿಗೆ ಬಂದ ಹುಡುಗನು ಈ ಮಾತನ್ನು ಮನೆಯಲ್ಲಿಟ್ಟನು. "ಎಲ್ಲಾರೂ ಹಂಗೇ ಮಾಡ್ತಾರಂತಲ್ಲಪ್ಪ" ಎಂದನು ತಂದೆ. "ಆಮೇಲೆ ಗೊತ್ತಾದ್ರೆ ಏನ್ಮಗಾ ಮಾಡ್ತೀಯಾ?" ಎಂದಳು ತಾಯಿ. ಹುಡುಗನು ಕೇಳಲು ಬಂದದ್ದು ಇವೆರಡನ್ನೂ ಅಲ್ಲ. ಎಲ್ಲರೂ ಮಾಡುವುದರಿಂದ ಸರಿಯಾಗುವುದೇ ಎಂಬುದೂ, ಗೊತ್ತಾಗದಿದ್ದರೆ ಸರಿಯಾಗುವುದೇ ಎಂಬುದೂ ಅವನ ಮನಸ್ಸನ್ನು ಕೊರೆಯುತ್ತಿದ್ದವು.

ಈ ಕಾಗದಗಳಿಗೆ ಇಷ್ಟು ಬೆಲೆ ಹೇಗೆ ಬಂದಿತೆಂಬುದನ್ನು ಮೊದಲು ನೋಡಬೇಕು. ಬೆಂಗಳೂರಿನ ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದ್ದು 1978ರಲ್ಲಿ. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ ಸಂಸ್ಥೆಯು 1983ರಲ್ಲಿ ಬೆಂಗಳೂರಿಗೆ ಬಂದಿತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಾರ್ಯಾಲಯ ತೆರೆಯಿತು. ಆ ದಿನಗಳಲ್ಲಿ ಈ ವಿದ್ಯೆ ಬಲ್ಲವರು ವಿರಳ. ಗಣಿತದಲ್ಲಿ ಚುರುಕಾದವರನ್ನು ಆರಿಸಿ ಕೆಲಸ ಕೊಟ್ಟವರೇ ಕಲಿಸಿಕೊಳ್ಳುತ್ತಿದ್ದರು. ಸಂಬಳವಿತ್ತು ಕಲಿಸುವ ಆ ಪದ್ಧತಿಯು ದೊಡ್ಡ ಸಂಸ್ಥೆಗಳಲ್ಲಿ ಇಂದಿಗೂ ಅಳಿದಿಲ್ಲ. ಮೈಸೂರಿನ ಇನ್ಫೋಸಿಸ್ ಶಿಕ್ಷಣಾಲಯವೇ ಅದಕ್ಕೆ ನಿದರ್ಶನ. ಆದರೆ ಆ ಬಾಗಿಲಿಗೆ ದಾರಿ ಬಹುಮಟ್ಟಿಗೆ ಹೆಸರಾಂತ ಕಾಲೇಜುಗಳ ಅಂಗಳದ ಮೂಲಕ. ಹಳ್ಳಿಯ ಕಾಲೇಜಿನ ಹುಡುಗನು ತನ್ನ ತರಬೇತಿಯ ವೆಚ್ಚವನ್ನು ತಾನೇ ಹೊರಬೇಕು. ಒಂದು ಹುದ್ದೆಗೆ ಸಾವಿರ ಅರ್ಜಿ ಬರುವಾಗ ಆರಿಸುವವನಿಗೆ ಒಂದು ಗುರುತು ಬೇಕು; ಆ ಗುರುತೇ ಪ್ರಮಾಣಪತ್ರ.

ಪ್ರಮಾಣವೆಂಬ ಶಬ್ದವನ್ನು ಇಷ್ಟು ಸುಲಭವಾಗಿ ಕಾಗದಕ್ಕೆ ಅಂಟಿಸಿದ್ದು ಸರಿಯೇ? ನೈಯಾಯಿಕರು ಪ್ರಮಾಣಗಳನ್ನು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕಾಗಿ ಎಣಿಸುವರು. ಪತ್ರವು ಮೊದಲ ನೋಟಕ್ಕೆ ಶಬ್ದ. ಇಂಥವನು ಇಂಥದನ್ನು ಬಲ್ಲನು ಎಂಬ ಒಬ್ಬರ ಮಾತು. ಆದರೆ ಶಬ್ದವು ಪ್ರಮಾಣವಾಗುವುದು ಹೇಳುವವನು ಆಪ್ತನಾದಾಗ ಮಾತ್ರ. ಆಪ್ತನೆಂದರೆ ನೆಂಟನಲ್ಲ, ವಿಷಯವನ್ನು ಕಂಡವನು ಮತ್ತು ಕಂಡಂತೆ ಹೇಳುವ ಇಚ್ಛೆಯುಳ್ಳವನು. ಯಾರಿಂದ ಶುಲ್ಕ ಪಡೆದನೋ ಅವನ ವಿಷಯದಲ್ಲಿಯೇ ಸಾಕ್ಷಿ ಹೇಳತಕ್ಕವನಲ್ಲಿ ಈ ಎರಡನೆಯ ಲಕ್ಷಣವು ಎಷ್ಟು ಗಟ್ಟಿಯಾಗಿ ನಿಲ್ಲಬಲ್ಲದು? ಪಾಠ ಹೇಳಿದವರೂ ಪರೀಕ್ಷಿಸುವವರೂ ಬೇರೆಯಾಗಿರಬೇಕೆಂದು ಹಿಂದಿನವರು ಬಯಸಿದ್ದು ಇದಕ್ಕಾಗಿಯೇ. ಇಂದೂ ಈ ಎಚ್ಚರವಿರುವ ಕಡೆಗಳುಂಟು. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪಾಠವನ್ನು ಯಾರು ಬೇಕಾದರೂ ಹಣ ತೆರದೆ ಕೇಳಬಹುದು. ಪತ್ರ ಬೇಕಾದವನು ಮಾತ್ರ ಶುಲ್ಕ ತೆತ್ತು, ಗೊತ್ತಾದ ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರಿಗೆ ಪರೀಕ್ಷೆಗೆ ಕೂರಬೇಕು. ಬಳೆ ಅಡವಿಡುವ ಮೊದಲು ಇಂಥದೊಂದು ಮಾರ್ಗವಿದೆಯೆಂದು ಆ ಮನೆಯವರಿಗೆ ಯಾರೂ ಹೇಳಲಿಲ್ಲ.

ಕೆಲಸ ಕೊಡುವವನಾದರೋ ಪತ್ರವನ್ನು ಮಾತೆಂದು ಕೇಳುವುದಿಲ್ಲ, ಹೊಗೆಯೆಂದು ನೋಡುತ್ತಾನೆ. ಬೆಟ್ಟದಲ್ಲಿ ಹೊಗೆ ಕಂಡವನು ಬೆಂಕಿಯನ್ನು ಊಹಿಸುವಂತೆ ಪತ್ರ ಕಂಡು ವಿದ್ಯೆಯನ್ನು ಊಹಿಸುತ್ತಾನೆ. ಇದು ಅನುಮಾನ; ಇದರ ಪ್ರಾಣವೆಲ್ಲ ವ್ಯಾಪ್ತಿಯಲ್ಲಿದೆ. ಪತ್ರವಿದ್ದಲ್ಲೆಲ್ಲ ವಿದ್ಯೆಯಿರುವುದೆಂಬ ನಿಯಮವು ಉಳಿದಷ್ಟು ಕಾಲ ಅದು ಸಾಧು. ಪರೀಕ್ಷೆಯ ಪ್ರಶ್ನೆಗಳನ್ನು ಕದ್ದು ಮಾರುವವರಿದ್ದಾರೆ. ಅವನ್ನು ಉರುಹೊಡೆದು ತೇರ್ಗಡೆಯಾಗುವವರಿದ್ದಾರೆ. ಅಲ್ಲಿ ಕಂಡದ್ದು ಹೊಗೆಯಲ್ಲ, ಮಂಜು. ಮತ್ತೊಂದು ಕಡೆ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿರುವುದಿಲ್ಲವೆಂದು ತಾರ್ಕಿಕರು ತೋರಿಸುವರು. ಪತ್ರವಿಲ್ಲದೆ ಮನೆಯಲ್ಲಿ ಕುಳಿತು ಕಲಿತವನು ಅಂಥ ಗುಂಡು; ಬೆಟ್ಟದ ಕಡೆ ಮಾತ್ರ ನೋಡುವವನ ಕಣ್ಣಿಗೆ ಅವನು ಬೀಳುವುದೇ ಇಲ್ಲ.

ಇಲ್ಲಿ ಒಂದು ವಿನೋದದ ಸಂಗತಿಯನ್ನು ಹೇಳಬಹುದು. ಸಿಸ್ಕೋ ಮೊದಲಾದ ಸಂಸ್ಥೆಗಳು ಕೊಡುವ ಕೆಲವು ಪತ್ರಗಳಿಗೆ ಮೂರೇ ವರ್ಷದ ಆಯುಸ್ಸು. ಆಮೇಲೆ ಮತ್ತೆ ಪರೀಕ್ಷೆ ಕೊಟ್ಟೋ ಬೇರೆ ರೀತಿಯಿಂದಲೋ ಅದನ್ನು ನವೀಕರಿಸಬೇಕು. ಹಳಸುವ ವಿದ್ಯೆಯೆಂದು ಶಾಸ್ತ್ರಿಗಳು ನಗಬಹುದು. ಆದರೆ ವಿದ್ವಾನ್ ಎಂಬ ಬಿರುದನ್ನು ಇಪ್ಪತ್ತನೆಯ ವಯಸ್ಸಿನಲ್ಲಿ ಪಡೆದು ಎಪ್ಪತ್ತರವರೆಗೆ ಪುಸ್ತಕ ತೆರೆಯದೆ ಹೊತ್ತುಕೊಂಡವರು ಎಲ್ಲರಿಗೂ ಗೊತ್ತು. ಅದಕ್ಕಿಂತ ಮೂರು ವರ್ಷದ ಪತ್ರವೇ ಹೆಚ್ಚು ಪ್ರಾಮಾಣಿಕವೆಂದರೆ ತಪ್ಪಾಗಲಾರದು. ಹಾಗೆಯೇ, ಪಾಣಿನಿಯ ಸುಮಾರು 4,000 ಸೂತ್ರಗಳ ರಚನಾಕ್ರಮವು ಪ್ರೋಗ್ರಾಮಿನ ಭಾಷೆಗಳನ್ನು ವಿವರಿಸುವ ಸಂಕೇತಕ್ರಮವನ್ನು ಹೋಲುತ್ತದೆಂದು ಇಂಗರ್ಮನ್ ಎಂಬಾತನು 1967ರಲ್ಲಿ ತೋರಿಸಿ, ಆ ಸಂಕೇತಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದ್ದುಂಟು. ಇದನ್ನು ಹಿಡಿದು, ಸಂಸ್ಕೃತ ಬಲ್ಲವನಿಗೆ ಗಣಕವಿದ್ಯೆ ತಾನಾಗಿ ಒಲಿಯುವುದೆಂದು ಸಭೆಗಳಲ್ಲಿ ಹೇಳುವವರು ಅಷ್ಟಾಧ್ಯಾಯಿಯನ್ನೂ ಓದಿದವರಲ್ಲ, ಪ್ರೋಗ್ರಾಮನ್ನೂ ಬರೆದವರಲ್ಲ.

ವೈಯಾಕರಣರಿಂದ ಕಲಿಯತಕ್ಕದ್ದು ಬೇರೆಯಿದೆ. ವಿದ್ಯೆಯು ಉಪಯೋಗಕ್ಕೆ ಬರುವುದು ನಾಲ್ಕು ಕಾಲಗಳಿಂದ ಎಂದು ಮಹಾಭಾಷ್ಯದಲ್ಲಿ ಪತಂಜಲಿಯು ಹೇಳುತ್ತಾನೆ: ಗುರುವಿನಿಂದ ಪಡೆಯುವ ಕಾಲ, ತಾನೇ ಅಭ್ಯಸಿಸುವ ಕಾಲ, ಇತರರಿಗೆ ಹೇಳುವ ಕಾಲ, ವ್ಯವಹಾರದಲ್ಲಿ ಬಳಸುವ ಕಾಲ. ಆರು ತಿಂಗಳ ತರಬೇತಿಯು ಮೊದಲನೆಯದನ್ನು ಕೊಡಬಲ್ಲದು. ಎರಡನೆಯದು ಹುಡುಗನ ಕೈಯಲ್ಲಿದೆ. ನಾಲ್ಕನೆಯದನ್ನು ಕೆಲಸ ಕೊಡುವವನೇ ಕೊಡಬೇಕು. ಅನುಭವವೆಂದು ಕೇಳುವುದು ಅದನ್ನೇ. ತಾನೊಬ್ಬನೇ ಕೊಡಬಲ್ಲ ವಸ್ತುವನ್ನು ತಂದರೆ ಮಾತ್ರ ಒಳಗೆ ಬಿಡುವೆನೆಂದು ಬಾಗಿಲಲ್ಲಿ ನಿಂತವನು ಹೇಳಿದರೆ, ಹೊರಗಿನವನಿಗೆ ಕೋಪ ಬರುವುದು ನ್ಯಾಯವೇ ಆಗಿದೆ.

ಈ ಕೋಪದಲ್ಲಿಯೇ ಪೂರ್ವಪಕ್ಷದ ಬಲವೆಲ್ಲ ಇದೆ. ಕೇಳಿದ ಷರತ್ತೇ ಅನ್ಯಾಯವಾದಾಗ ಸುಳ್ಳಿನಿಂದ ಅದನ್ನು ದಾಟುವುದು ದೋಷವೇ? ಹುಡುಗನಿಗೆ ಕೆಲಸ ಬರುತ್ತದೆ, ಒಳಗೆ ಹೋದರೆ ಮಾಡಿ ತೋರಿಸುವನು, ಬಳೆಗಳು ಮನೆಗೆ ಬರುವುವು, ಯಜಮಾನನಿಗೂ ನಷ್ಟವಿಲ್ಲ. ನಷ್ಟಪಟ್ಟವರು ಯಾರು?

ನಷ್ಟಪಟ್ಟವನು ಆ ಕೋಣೆಯಲ್ಲಿ ಕಾಣಿಸುವುದಿಲ್ಲ. ಅವನು ಮುಂದಿನ ವರ್ಷ ಬರುವ ಹುಡುಗ. ಒಂದೊಂದು ಸುಳ್ಳು ಕಾಗದವೂ ವ್ಯಾಪ್ತಿಯಲ್ಲಿ ಒಂದೊಂದು ತೂತು. ತೂತುಗಳು ಹೆಚ್ಚಿದಂತೆ ಆರಿಸುವವನು ಕಾಗದವನ್ನು ನಂಬುವುದನ್ನು ಬಿಟ್ಟು, ಕಾಲೇಜಿನ ಹೆಸರನ್ನೂ ಪರಿಚಯದವರ ಶಿಫಾರಸನ್ನೂ ನಂಬಲು ತೊಡಗುವನು. ಹೆಸರಾಂತ ಕಾಲೇಜಾಗಲಿ ಪರಿಚಯದವರಾಗಲಿ ಇಲ್ಲದವನಿಗೆ, ಎಂದರೆ ನಲ್ಲೂರಿನಂಥ ಊರಿನವನಿಗೆ, ಇದ್ದ ಒಂದೇ ಆಧಾರ ಕಾಗದ. ಎರಡು ವರ್ಷವಿದ್ದ ಷರತ್ತು ಮೂರಾಗುವುದೂ ಹೀಗೆಯೇ. ಶ್ರೀಮಂತನ ಬೇಲಿಯನ್ನು ಮುರಿದೆನೆಂದು ಹುಡುಗನು ತಿಳಿಯಬಹುದು; ಅವನು ಕಡಿದದ್ದು ಊರಿನ ತೋಪಿನ ಮರವನ್ನು.

ಹೆಚ್ಚಿನ ದೋಷವಿರುವುದು ಕಾಗದ ಮಾರಿದವನಲ್ಲಿ ಎಂಬುದನ್ನು ಮಾತ್ರ ಮರೆಯಬಾರದು. ತೈತ್ತಿರೀಯದಲ್ಲಿ ವಿದ್ಯೆ ಮುಗಿಸಿ ಹೊರಟ ಶಿಷ್ಯನಿಗೆ ಆಚಾರ್ಯನು ಹೇಳುವ ಮೊದಲ ಮಾತು ಸತ್ಯವನ್ನು ನುಡಿ ಎಂಬುದು; ಮುಂದೆ ತನ್ನ ನಡತೆಯಲ್ಲಿಯೂ ಒಳ್ಳೆಯದನ್ನಷ್ಟೆ ಅನುಸರಿಸು, ಉಳಿದುದನ್ನು ಬಿಡು ಎನ್ನುತ್ತಾನೆ. ಅದೇ ಹೊರಡುವ ಗಳಿಗೆಯಲ್ಲಿ, ಕಲಿಸಿದವನೇ ಹಣ ಪಡೆದು ಶಿಷ್ಯನ ಕೈಗೆ ಸುಳ್ಳನ್ನು ಕೊಟ್ಟು ಕಳುಹಿಸಿದರೆ ಅಲ್ಲಿ ಕೆಡುವುದು ಒಂದು ಉದ್ಯೋಗದ ಅರ್ಜಿಯಷ್ಟೇ ಅಲ್ಲ. ಹುಡುಗನು ತಾನು ನಿಜವಾಗಿ ಕಲಿತದ್ದನ್ನೂ ಆ ದಿನದಿಂದ ಶಂಕಿಸುವನು. ಎರಡು ವರ್ಷದ ಕಥೆಯನ್ನು ಕಾಯುವುದರಲ್ಲಿಯೇ ಅವನ ಬುದ್ಧಿ ಸವೆಯುವುದು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಕೇಳುವ ಹಕ್ಕನ್ನು ಅವನು ಮೊದಲನೆಯ ದಿನವೇ ಕಳೆದುಕೊಂಡಿರುವನು. ಹೊಸಬನಿಗೆ ಆ ಹಕ್ಕಿಗಿಂತ ದೊಡ್ಡ ಬಂಡವಾಳವಿಲ್ಲ. ಛಾಂದೋಗ್ಯದ ನಾರದನು ಸನತ್ಕುಮಾರನ ಬಳಿಗೆ ಬಂದು, ತಾನು ಓದಿದ ಶಾಸ್ತ್ರಗಳ ದೊಡ್ಡ ಪಟ್ಟಿಯನ್ನೊಪ್ಪಿಸಿ, ಇಷ್ಟಾದರೂ ಬೇಕಾದುದು ತಿಳಿದಿಲ್ಲವೆಂದು ಒಪ್ಪಿಕೊಂಡನು. ಪಟ್ಟಿಯಲ್ಲಿ ಒಂದನ್ನು ಹೆಚ್ಚಾಗಿ ಸೇರಿಸಿದ್ದರೆ ಅವನಿಗೆ ಉಪದೇಶ ದೊರೆಯುತ್ತಿರಲಿಲ್ಲ.

ಹಾಗಾದರೆ ಹುಡುಗನಿಗೆ ಉಳಿದಿರುವುದು ಪ್ರತ್ಯಕ್ಷ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಜಗಳವಾಡಿದಾಗ, ಮಧ್ಯಸ್ಥಳಾದ ಪರಿವ್ರಾಜಿಕೆಯು ಮಾತನ್ನೊಪ್ಪದೆ ಶಿಷ್ಯೆಯ ಪ್ರಯೋಗವನ್ನು ಕಣ್ಣಿನಿಂದ ನೋಡಬೇಕೆಂದಳು. ಇಂದಿನ ಇಂಟರ್‌ವ್ಯೂಗಳಲ್ಲಿಯೂ ಎದುರಿಗೆ ಕೂರಿಸಿ ಪ್ರೋಗ್ರಾಮು ಬರೆಯಿಸುವವರುಂಟು. ತಾನು ಮಾಡಿದ ಸಣ್ಣ ಕೆಲಸವನ್ನು, ಊರಿನ ಹಾಲಿನ ಸಂಘದ ಲೆಕ್ಕವನ್ನಿಡುವ ಪ್ರೋಗ್ರಾಮೇ ಆಗಲಿ, ತೆರೆದು ತೋರಿಸಲು ಅಡ್ಡಿಯಿಲ್ಲ. ಆದರೆ ಅಲ್ಲಿಯವರೆಗೆ ಕರೆಯುವವರು ಕಡಮೆ. ನಿಜ ಹೇಳಿದವನಿಗೆ ಹಲವು ಬಾಗಿಲುಗಳು ಮುಚ್ಚುವುವು; ಬಡ್ಡಿ ಬೆಳೆಯುವುದು. ಇದನ್ನು ಮರೆಮಾಡಿ ಸತ್ಯವನ್ನು ಹೊಗಳುವವನು ಆ ಮನೆಯ ಬಳೆಗಳನ್ನು ನೋಡಿದವನಲ್ಲ.

ಆ ರಾತ್ರಿ ಹುಡುಗನು ತಂದೆಗೆ, ಇನ್ನಾರು ತಿಂಗಳು ಬಡ್ಡಿ ಕಟ್ಟುವುದಾಗುವುದೇ ಎಂದು ಮಾತ್ರ ಕೇಳಿದನು. ತಂದೆಯು ಬಹಳ ಹೊತ್ತು ಸುಮ್ಮನಿದ್ದು, ಈ ಸಲದ ಗೂಡಿನ ದುಡ್ಡು ಬಂದರೆ ನೋಡೋಣವೆಂದನು. ಸೋಮವಾರ ಬೆಳಗ್ಗೆ ಹುಡುಗನು ಬೆಂಗಳೂರಿನ ಬಸ್ಸು ಹತ್ತಿದನು. ಅವನ ಚೀಲದಲ್ಲಿ ಬಿ.ಎಸ್ಸಿ. ಅಂಕಪಟ್ಟಿಯೂ ಆರು ತಿಂಗಳ ತರಬೇತಿಯ ಪತ್ರವೂ ಇದ್ದವು, ಬೇರೆ ಕಾಗದವಿರಲಿಲ್ಲ.